ಒಡೆಯದ ಹನಿ

ಹನಿ ಒಡೆಯಲಿಲ್ಲ. ಡಾಕ್ಟರ್ ಗಲಗಲಿಯವರು ಬಿಳಿಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸಿ, ಕಣ್ಣಿಗೆ ಹತ್ತಿರ ತಂದು ಮತ್ತೆ ಮತ್ತೆ ನೋಡಿದರು. ಪಟ್ಟಿಯ ಮೇಲೆ ಎರಡು ಹನಿ ರಕ್ತ. ಎಡಗಡೆಯದು ಗುರವ್ವನ ಗಂಡ ರಾಚಪ್ಪನದು. ಔಷಧ ಬಿದ್ದ ಕೂಡಲೇ ಅದು ಹುಳಿ ಬಿದ್ದ ಹಾಲಿನಂತೆ ಒಡೆದು ಕಾಳುಕಾಳಾಗಿತ್ತು. ಬಲಗಡೆಯದು ಬಸಂತರಾಯನದು. ಅದು ಮಾತ್ರ ತನಗೇನೂ ಸಂಬಂಧವಿಲ್ಲವೆಂಬ ಹಾಗೆ ನಯವಾಗಿ ಹರಿದಾಡುತ್ತಿತ್ತು. ಮುದ್ದೇಬಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಡಾಕ್ಟರು ಹೇಳಿದರು. ಒಳ್ಳೆಯ ಮನುಷ್ಯ, ಪುಣೆಯಲ್ಲಿ ಕಲಿತು ಬಸವನ ಬಾಗೇವಾಡಿಗೆ ಬಂದು ಕೂತವರು, ಮಾತಿನಲ್ಲಿ ಒಂದಿಷ್ಟು ಧಾರಾಳ. "ಭೇಷ್ ಆತು ನೋಡ್ರಿ. ನಿಮ್ದೂ ಆಕೀದೂ ಒಂದ ರಕ್ತ. ನೂರು ಮಂದ್ಯಾಗ ನಾಕೈದು ಮಂದಿ ಸಿಕ್ರ ಹೆಚ್ಚು, ಒಂದ ಮನ್ಯಾಗ ಇಬ್ಬರು ಅದೀರಿ. ಆಕಿಗೆ ನೀವು ಏನಾಗಬೇಕು?" ಸೋದರಮಾವ ರೀ ಎಂದ ಬಸಂತರಾಯ. ಡಾಕ್ಟರು ಕೈ ತೊಳೆಯುತ್ತಲೇ ನಕ್ಕರು. "ಸೋದರಮಾವ! ನಿಮ್ಮ ಕಡೆ ಮಾವಗ ಕೊಡೂ ರೂಢಿ ಐತೆಲ್ಲರಿ. ನಿಮಗ ಕೊಟ್ಟಿದ್ರ ಈ ಹುಡುಗಿ ಕೂಸುಗಳು ಒಂದೂ ಹಳದಿ ಆಗ್ತಿದ್ದಿಲ್ಲ. ಇಬ್ಬರಿಗೂ ಇಲ್ಲದ್ದು ಕೂಸಿಗಿ ಎಲ್ಲಿಂದ ಬರಬೇಕು?" ಎಂದು ಟವೆಲ್ಲಿಗೆ ಕೈಹಾಕಿದರು. ಕೋಣೆಯ ಅರ್ಧಕ್ಕೆ ಹಸಿರು ಪರದೆ ಕಟ್ಟಿತ್ತು. ಪರದೆಯ ಆಚೆ ಗುರವ್ವ ಮಲಗಿದ್ದಳು, ಪಕ್ಕದಲ್ಲಿ ನಿನ್ನೆ ಹುಟ್ಟಿದ ಗಂಡು ಕೂಸು. ಪರದೆ ಅಲುಗಲಿಲ್ಲ. ಅಷ್ಟು ಅಲುಗದೆ ಇದ್ದುದರಿಂದಲೇ ಅವಳು ಕೇಳಿಸಿಕೊಂಡಿದ್ದಾಳೆಂದು ಅವನಿಗೆ ಖಾತ್ರಿಯಾಯಿತು.

ಮಾಡಬೇಕಾದ ಕೆಲಸವನ್ನು ಡಾಕ್ಟರು ಅಲ್ಲೇ ಹೇಳಿದರು. ಕೂಸಿಗೆ ಅಪ್ಪನ ರಕ್ತದ ಗುಣ ಬಂದಿದೆ. ತಾಯಿಯ ರಕ್ತಕ್ಕೆ ಅದು ಪರಕೀಯ. ತಾಯಿಯಿಂದ ಇಳಿದ ವಿರೋಧ ಕೂಸಿನ ಮೈಯಲ್ಲಿ ರಕ್ತಕಣಗಳನ್ನು ಒಡೆಯುತ್ತಲೇ ಇದೆ. ಚೊಚ್ಚಲಿಗೆ ತಾಯಿಯ ರಕ್ತಕ್ಕೆ ಗುರುತು ಹತ್ತಿರಲಿಲ್ಲ, ಹಾಗಾಗಿ ಆ ಹೆಣ್ಣುಕೂಸು ಉಳಿಯಿತು, ಆಮೇಲಿನವೆರಡು ಹೋದವು. ಈಗ ಕೂಸಿನ ರಕ್ತವನ್ನು ಇಷ್ಟಿಷ್ಟೇ ತೆಗೆದು ಅಷ್ಟಷ್ಟೇ ಬಸಂತರಾಯನದನ್ನು ಹಾಕುತ್ತ ಹೋಗಬೇಕು. "ಸಂಜೀತನಕ ತಡದ್ರ ಹಳದಿ ಮಿದುಳಿಗೆ ಏರತೈತಿ. ಮನ್ಯಾಗಿನವರಿಗೆ ತಿಳಿಸಿ ಹೇಳ್ರಿ, ನೀವು ಮಾಸ್ತರು, ನಿಮ್ಮ ಮಾತು ಕೇಳ್ತಾರ." ಬಸಂತರಾಯ ಬೆರಳ ತುದಿಯ ಹತ್ತಿಯನ್ನು ಒತ್ತಿ ಹಿಡಿದು ಪಡಸಾಲೆಗೆ ಬಂದ. ಒಂದು ಹನಿ ಕೊಟ್ಟ ಗಾಯದ ರಕ್ತ ಆಗಲೇ ನಿಂತಿತ್ತು. ಹತ್ತಿಯನ್ನು ಬಿಸಾಡಲು ಮಾತ್ರ ಮನಸ್ಸಾಗಲಿಲ್ಲ, ಕೈಗೆ ಏನಾದರೂ ಕೆಲಸ ಬೇಕಾಗಿತ್ತು.

ಪ್ರತಿ ವರ್ಷ ದಸರೆಯ ಸೂಟಿ ಮುಗಿದ ಮೇಲೆ ಅವನು ಈ ಪಾಠ ಮಾಡುತ್ತಿದ್ದ. ಕೆಂಪು ರಕ್ತಕಣದ ಮೈಮೇಲೆ ಒಂದು ಅಂಶವಿರುತ್ತದೆ, ಅದಕ್ಕೆ ಮಂಗನ ಜಾತಿಯೊಂದರ ಹೆಸರಿಟ್ಟಿದ್ದಾರೆ ಎಂದ ಕೂಡಲೇ ಹುಡುಗರು ಒಬ್ಬರನ್ನೊಬ್ಬರು ತಿವಿದು ಕಿಸಕ್ಕೆಂದು ನಗುತ್ತಿದ್ದರು. ಅವನೂ ಮೀಸೆಯಲ್ಲಿ ನಗುತ್ತಿದ್ದ. ಆಮೇಲೆ ಬರೆಸುತ್ತಿದ್ದ: ತಾಯಿಯಲ್ಲಿ ಈ ಅಂಶವಿಲ್ಲದೆ ತಂದೆಯಲ್ಲಿ ಇದ್ದು, ಮಗುವಿಗೆ ಅದು ತಂದೆಯಿಂದ ಬಂದರೆ, ಎರಡನೆಯ ಮಗುವಿನಿಂದ ಮುಂದೆ ಕಾಮಾಲೆಯ ಅಪಾಯವುಂಟು, ಪೂರ್ಣವಿರಾಮ. "ಇದು ಪರೀಕ್ಷಾದಾಗ ಬರೂದಿಲ್ಲ, ಬಾಯಿಪಾಠ ಮಾಡಬ್ಯಾಡ್ರಿ." ಒಂದು ವರ್ಷ ಇದನ್ನು ಬರೆಸುವ ದಿನವೇ ಅಂಗಿಯ ಕಿಸೆಯಲ್ಲಿ ರಾಚಪ್ಪನ ಊರಾದ ನಿಡಗುಂದಿಯಿಂದ ಬಂದ ಕಾರ್ಡು ಇತ್ತು, ಗುರವ್ವನ ಎರಡನೆಯ ಗಂಡು ಕೂಸೂ ಕಾಮಣಿಯಾಗಿ ಹೋಯಿತು ಎಂದು. ಪೂರ್ಣವಿರಾಮ ಎಂದು ಬಾಯಿ ಹೇಳುತ್ತಿರುವಾಗ ಎದೆಯ ಮೇಲೆ ಆ ಕಾರ್ಡಿನ ಮೂಲೆ ಚುಚ್ಚುತ್ತಿತ್ತು. ಚುಚ್ಚಿತು, ಅಷ್ಟೇ. ಕಿಸೆಯ ಕಾಮಣಿಯೂ ಕರಿಹಲಗೆಯ ಕಾಮಾಲೆಯೂ ಒಂದೇ ಎಂದು ಅವನಿಗೆ ಹೊಳೆಯಲೇ ಇಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುತ್ತಾರೆ; ಇವನ ವಿಜ್ಞಾನ ಸಂಬಳ ತರುವುದಕ್ಕೆ ಇತ್ತು, ಮನೆಗೆ ಬರುತ್ತಿರಲಿಲ್ಲ. ಆ ರವಿವಾರ ಅವನು ಒಂದು ಪುಡಿಕೆ ಬಿಸ್ಕೀಟು ಹಿಡಿದು ನಿಡಗುಂದಿಗೆ ಹೋಗಿ, ಉಳಿದ ಹುಡುಗಿಯ ಕೈಗೆ ಕೊಟ್ಟು, ದೈವೇಚ್ಛೆ ಎಂದು ಹೇಳಿ ಸಂಜೆಯ ಬಸ್ಸಿಗೆ ಮರಳಿದ್ದ.

ಒಮ್ಮೆ ಮಾತ್ರ ಅವನು ವಿಜ್ಞಾನವನ್ನು ಮನೆಗೆ ತಂದದ್ದುಂಟು. ಹಳಸಂಗಿಯಲ್ಲಿ ಅಕ್ಕನ ಮನೆಯ ಪಡಸಾಲೆ. ಹಿರಿಯರು ಕಂಬಳಿಯ ಮೇಲೆ ಕೂತಿದ್ದರು, ನಡುವೆ ಎಲೆ ಅಡಕೆಯ ತಟ್ಟೆ. ಗುರವ್ವ ಅವನಿಗೇ ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತು. ಅಕ್ಕನನ್ನೂ ಅವಳ ಸೋದರಮಾವನಿಗೇ ಕೊಟ್ಟಿತ್ತು, ಅವ್ವನನ್ನೂ ಅವಳ ಮಾವನಿಗೇ. ಅವನು ಎದ್ದು ನಿಂತು, ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಬಟಾಣಿಕಾಳುಗಳ ಚಿತ್ರ ಬರೆದು, ಹತ್ತಿರದ ರಕ್ತ ಕೂಡಿದರೆ ಮಕ್ಕಳು ಕುಂಟರು ಕುರುಡರು ಆಗುತ್ತಾರೆ ಎಂದು ವಿವರಿಸಿದ್ದ. ಎಷ್ಟು ಚೆನ್ನಾಗಿ ಮಾತಾಡಿದ್ದ ಅವತ್ತು! ಒಬ್ಬ ಮುದುಕ, "ತಲಿತಲಾಂತರದಿಂದ ಮಾಡ್ಕೊಂತ ಬಂದೇವಿ, ಯಾರಿಗೇನಾಗೇತಿ ತಮ್ಮಾ?" ಎಂದದ್ದಕ್ಕೆ ಅವನು ಕನಿಕರದಿಂದ ನಕ್ಕಿದ್ದ. ಹೇಳಿದ್ದು ಸುಳ್ಳಾಗಿರಲಿಲ್ಲ, ಪುಸ್ತಕದಲ್ಲಿ ಇದ್ದದ್ದೇ. ಸುಳ್ಳಿದ್ದುದು ಅವನ ಹೊಟ್ಟೆಯಲ್ಲಿ. ವಿಜಾಪುರದಲ್ಲಿ ಇಂದುಬಾಯಿಯನ್ನು ನೋಡಿಯಾಗಿತ್ತು. ಅವಳು ಬೆಳ್ಳಗಿದ್ದಳು, ಕೈಗೆ ಗಡಿಯಾರ ಕಟ್ಟುತ್ತಿದ್ದಳು. ತಾನೇ ಮೂಗು ಒರೆಸಿ ಬೆಳೆಸಿದ, ಸಜ್ಜೆಯ ಹಿಟ್ಟು ಮೆತ್ತಿದ ಕೈಯ ಈ ಕಪ್ಪು ಹುಡುಗಿಯನ್ನು ಸ್ಟಾಫ್ ರೂಮಿನವರಿಗೆ ಹೆಂಡತಿಯೆಂದು ತೋರಿಸಲು ಅವನಿಗೆ ನಾಚಿಕೆಯಿತ್ತು. ಗುರವ್ವ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ನೆಲದ ಮೇಲಿನ ಕಾಳುಗಳನ್ನೇ ನೋಡುತ್ತ. ಎಲ್ಲರೂ ಎದ್ದುಹೋದ ಮೇಲೆ ಅಕ್ಕ, "ಆಕಿ ನಿನಗ ಬ್ಯಾಡಾದ್ರ ಬ್ಯಾಡ ಅನ್ನು. ರಕ್ತದ ಮಾತು ಯಾಕ?" ಎಂದಿದ್ದಳು. ಹಕ್ಕು ಬಿಟ್ಟ ಮಾವ ಸೀರೆ ಉಡಿಸಿ ತಾನೇ ಕೈಹಿಡಿದು ಹಸೆಗೆ ತರಬೇಕೆಂಬ ಪದ್ಧತಿಯಂತೆ, ಗುರವ್ವನ ಲಗ್ನದಲ್ಲಿ ಅವನೇ ಅವಳನ್ನು ರಾಚಪ್ಪನ ಎದುರಿಗೆ ನಿಲ್ಲಿಸಿದ. ಅಲ್ಲಿಯ ತನಕ ನೀನು ಎನ್ನುತ್ತಿದ್ದ ಹುಡುಗಿ ಅವತ್ತಿನಿಂದ ಹೋಗ್ರಿ ಬರ್ರಿ ಎನ್ನತೊಡಗಿದಳು. ಅಕ್ಕನೂ ಅವಳ ಗಂಡನೂ ಈಗ ಇಲ್ಲ. ಗುರವ್ವನ ಅಣ್ಣಂದಿರಿಬ್ಬರು ಮುಂಬಯಿಯ ಗಿರಣಿಯಲ್ಲಿದ್ದಾರೆ. ತವರು ಅಂತ ಉಳಿದದ್ದು ಬಸಂತರಾಯನ ಮನೆ ಒಂದೇ, ಬಾಣಂತನಕ್ಕೆ ಅಲ್ಲಿಗೆ ಕರೆತರಬೇಕಾದದ್ದು ನ್ಯಾಯ. ಹೆಂಡತಿಯಾಗಿ ಬಂದಿದ್ದ ಇಂದುಬಾಯಿ, ಮನೆ ಸಣ್ಣದು ಎಂದಳು, ಅವನು ಹೌದು ಸಣ್ಣದು ಎಂದ.

"ಏನಂದ್ರು ಡಾಕ್ಟರು?" ಪಡಸಾಲೆಯ ಬಾಕಿನ ಮೇಲೆ ಕೂತಿದ್ದ ಬಾಳಮ್ಮ ಕೇಳಿದಳು. ರಾಚಪ್ಪನ ತಾಯಿ, ಗಟ್ಟಿ ಹೆಂಗಸು, ಎರಡು ಮೊಮ್ಮಕ್ಕಳನ್ನು ತನ್ನ ಕೈಯಾರೆ ಮಣ್ಣಿಗಿಟ್ಟವಳು. ರಾಚಪ್ಪ ಗೋಡೆಗೊರಗಿ ನಿಂತಿದ್ದ. ಬಸಂತರಾಯ ಹೇಳಿದ. ಹೇಳುವಾಗ ಯಾರ ರಕ್ತ ಯಾರಿಗೆ ಆಗದು ಎಂಬ ಭಾಗವನ್ನು ಬೇಕೆಂದೇ ಬಿಟ್ಟುಬಿಟ್ಟ. ಸೊಸೆಯ ರಕ್ತ ಮಗನ ರಕ್ತಕ್ಕೆ ಕೂಡುವುದಿಲ್ಲವೆಂದು ತಿಳಿದರೆ ಬಾಳಮ್ಮ ನಾಳೆಯೇ ಇನ್ನೊಂದು ಹೆಣ್ಣು ನೋಡಿಯಾಳು ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡ. ಕಾರಣ ಸರಿಯಾದದ್ದೇ, ಅವನ ಕಾರಣಗಳು ಯಾವಾಗಲೂ ಸರಿಯಾಗಿಯೇ ಇರುತ್ತಿದ್ದವು. ಬಾಳಮ್ಮ ಎಲ್ಲವನ್ನೂ ಕೇಳಿ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, "ಇದ್ದ ರಕ್ತ ಪೂರಾ ತಗೀತಾರಾ?" ಎಂದಳು. "ಹೆಚ್ಚು ಕಮ್ಮಿ ಪೂರಾನ ರೀ." "ತಗದು ನಿಮ್ದು ತುಂಬತಾರಾ?" "ಹೌದ್ರಿ." "ಹಂಗಾರ ಕೂಸು ಯಾರದಾತು?"

ರಾಚಪ್ಪ ಅವ್ವಾ ಸುಮ್ಮನಿರು ಎಂದ. ಬಾಳಮ್ಮ ಸುಮ್ಮನಿರುವ ಪೈಕಿ ಅಲ್ಲ. "ನಾ ಯಾಕ ಸುಮ್ನಿರ್ಲಿ? ಇನ್ನೂ ಅಯ್ಯಾನವರು ಬಂದು ಕೂಸಿಗಿ ಲಿಂಗ ಕಟ್ಟಿಲ್ಲ, ಅಷ್ಟರಾಗ ಬೀಗರ ರಕ್ತ ತುಂಬಬೇಕೇನು? ನಿಡಗುಂದ್ಯಾಗ ಪೀರಬಿ ಅದಾಳ. ಬಳಿಚೂರು ಕಾಸಿ ಹೊಟ್ಟಿಗೆ ಚುಟಿಗಿ ಕೊಟ್ರ ಎಷ್ಟು ಕೂಸಿನ ಕಾಮಣಿ ಇಳದಾವ." ಹೋದವೆರಡಕ್ಕೂ ಪೀರಬಿಯೇ ಚುಟಿಗೆ ಕೊಟ್ಟಿದ್ದಳು, ಇಳಿದಿರಲಿಲ್ಲ, ಎರಡನೆಯದು ಹೋದಾಗ ಪೀರಬಿ ಬಾಗಿಲಿಗೆ ಬಂದು ಕೂತು ಅತ್ತಿದ್ದಳು. ಈ ಮಾತು ಮೂವರಿಗೂ ಗೊತ್ತಿತ್ತು. ರಾಚಪ್ಪ ಬಸಂತರಾಯನ ಹತ್ತಿರ ಬಂದ. ಹೊಲದಲ್ಲಿ ಎತ್ತಿಗೂ ಜೋರು ಮಾಡದ ಮನುಷ್ಯ, ಕಣ್ಣು ಕೆಂಪಾಗಿದ್ದವು. "ಮಾಸ್ತರ, ನೀವ ಹೇಳ್ರಿ. ನೀವು ಓದಿದವರು. ನೀವು ಹೂಂ ಅಂದ್ರ ನಂದೂ ಹೂಂ." ಬಸಂತರಾಯ ಬಾಯಿ ತೆರೆದ. ಆಗ ಬಾಳಮ್ಮ, ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಮಾಸ್ತರ, ತಗೋ ಅಂದಾಗ ಒಲ್ಲೆ ಅಂದ್ರಿ. ನಮ್ಮ ರಕ್ತ ಹತ್ತರದ್ದು, ಕೂಡಬಾರದು ಅಂದ್ರಂತ. ಹಳಸಂಗ್ಯಾಗ ಸಣ್ಣ ಹುಡುಗ್ರಿಗೂ ಗೊತ್ತೈತಿ. ಇವತ್ತು ಅದ ರಕ್ತ ಕೂಡಸಾಕ ಬಂದೀರಲ್ಲ, ಅವತ್ತು ಹೇಳಿದ್ದು ಖರೆಯೋ, ಇವತ್ತಿಂದು ಖರೆಯೋ?"

ಎರಡೂ ಖರೆ ಎನ್ನಬಹುದಾಗಿತ್ತು. ಎರಡು ಮಾತಿನಲ್ಲಿ ತಿಳಿಸಿ ಹೇಳಬಹುದಾಗಿತ್ತು, ದಡ್ಡ ಹುಡುಗರಿಗೆ ಇದಕ್ಕಿಂತ ಕಠಿಣವಾದುದನ್ನು ಹೇಳಿಕೊಟ್ಟವನು. ಆದರೆ ಅವನಿಗೆ ಪಡಸಾಲೆಯ ನೆಲದ ಮೇಲೆ ಸುಣ್ಣದ ಕಾಳುಗಳು ಕಂಡವು. ಔಷಧ ಕೊಡುತ್ತಿದ್ದ ಕಾಂಪೌಂಡರು, ಬಾಗಿಲಲ್ಲಿ ನಿಂತ ನರ್ಸ್ ನಜಮಾ, ಬಾಕಿನ ಕೊನೆಯಲ್ಲಿ ಕೆಮ್ಮುತ್ತಿದ್ದ ಯಾವನೋ ಮುದುಕ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ಎಲ್ಲರಿಗೂ ಒಲ್ಲೆನೆಂದ ಮಾವ ಇವನೇ ಎಂದು ತಿಳಿದುಹೋಯಿತು ಎನಿಸಿತು. ಮುಖ ಬಿಸಿಯಾಯಿತು. ಒಳಗೆ ಪರದೆಯ ಹಿಂದೆ ಹಳದಿಯಾಗುತ್ತಿದ್ದ ಕೂಸು ಆ ಕ್ಷಣಕ್ಕೆ ಅವನ ಮನಸ್ಸಿನಲ್ಲಿ ಇರಲೇ ಇಲ್ಲ. ಇದ್ದದ್ದು ತನ್ನ ಮಾನ ಒಂದೇ. "ನಿಮ್ಮ ಮನಿ ಕೂಸು," ಎಂದ. "ನಿಮ್ಮ ಇಚ್ಛಾ. ನಾ ಏನ ಹೇಳ್ಲಿ?" ಇಷ್ಟು ಅಂದು, ಮಧ್ಯಾಹ್ನ ಸಾಲಿ ಐತಿ ಎಂದು ಯಾರೂ ಕೇಳದ ಕಾರಣ ಹೇಳಿ, ಚೀಲ ಎತ್ತಿಕೊಂಡು ಮೆಟ್ಟಿಲಿಳಿದ. ರಾಚಪ್ಪ ಮಾಸ್ತರ, ಮಾಸ್ತರ ಎಂದು ಹಿಂದಿನಿಂದ ಕೂಗಿದ್ದು ಕೇಳಿಸಿತು.

ಬಸ್‌ಸ್ಟ್ಯಾಂಡಿನಲ್ಲಿ ಮುದ್ದೇಬಿಹಾಳದ ಬಸ್ಸು ನಿಂತಿತ್ತು. ಕಿಟಕಿಯ ಸೀಟು ಸಿಕ್ಕಿತು, ಅದಕ್ಕೂ ಒಂದು ಸಮಾಧಾನವಾಯಿತು. ಬಿಸಿಲಿಗೆ ಕಾದ ಸರಳು, ಶೇಂಗಾ ಸಿಪ್ಪೆ, ಮುಂದಿನ ಸೀಟಿನವನ ಬೀಡಿಯ ವಾಸನೆ. ಕುಳಿತ ಮೇಲೆ ತಲೆ ತನ್ನ ಕೆಲಸ ಶುರುಮಾಡಿತು. ತಾನು ಮದುವೆಯಾಗಿದ್ದರೆ ಆ ಎರಡು ಕೂಸುಗಳು ಉಳಿಯುತ್ತಿದ್ದವು ಎಂದರು ಡಾಕ್ಟರು. ಶುದ್ಧ ತಪ್ಪು. ತಾನು ಮದುವೆಯಾಗಿದ್ದರೆ ಆ ಕೂಸುಗಳು ಹುಟ್ಟುತ್ತಲೇ ಇರಲಿಲ್ಲ. ಬೇರೆ ತಂದೆ ಎಂದರೆ ಬೇರೆ ಕೂಸು. ಹುಟ್ಟದಿದ್ದವು ಉಳಿಯುವುದೆಲ್ಲಿ ಬಂತು? ಹೀಗಾಗಿ ಅವುಗಳ ಸಾವಿಗೂ ತನಗೂ ಲೆಕ್ಕದ ಪ್ರಕಾರ ಸಂಬಂಧವಿಲ್ಲ. ಈ ವಾದ ಎಷ್ಟು ಸರಿಯಾಗಿ ಕೂತಿತೆಂದರೆ ಅವನಿಗೆ ಒಳಗೊಳಗೇ ಖುಷಿಯಾಯಿತು, ಹಿಂದಕ್ಕೊರಗಿ ಕಾಲು ಚಾಚಿದ. ಆಮೇಲೆ ಇದನ್ನು ಯಾರಿಗೆ ಹೇಳಲಿ ಎಂದು ಯೋಚನೆ ಬಂತು. ಇಂದುಬಾಯಿಗೆ? ಅವಳು ಗಡಿಯಾರ ನೋಡಿ ಊಟ ಬಡಿಸುತ್ತಾಳೆ. ಗುರವ್ವನಿಗೆ? ಗುರವ್ವನ ಎದುರು ನಿಂತು ಈ ಮಾತು ಹೇಳುತ್ತಿರುವ ತನ್ನನ್ನು ಕಣ್ಣಮುಂದೆ ತಂದುಕೊಂಡ. ಚಾಚಿದ ಕಾಲನ್ನು ಹಿಂದಕ್ಕೆಳೆದುಕೊಂಡ. ಸತ್ತ ಎರಡರ ಮಾತು ಹಾಗಿರಲಿ, ಹುಟ್ಟಿದ್ದೊಂದು ಅಲ್ಲಿ ಇನ್ನೂ ಉಸಿರಾಡುತ್ತಿದೆ, ಅದಕ್ಕೆ ಬೇಕಾದದ್ದು ಈ ಸೀಟಿನ ಮೇಲೆ ಕೂತು ಮುದ್ದೇಬಿಹಾಳಕ್ಕೆ ಹೊರಟಿದೆ. ಇಳಿಯಬೇಕು ಎಂದುಕೊಂಡ. ಇಳಿದರೆ ಮತ್ತೆ ಆ ಪಡಸಾಲೆ, ಆ ಬಾಳಮ್ಮ, ಆ ಪ್ರಶ್ನೆ. ಕಂಡಕ್ಟರು ಬಂದು ಎಲ್ಲಿಗ್ರಿ ಎಂದಾಗ ಅವನ ಬಾಯಿ ಮುದ್ದೇಬಿಹಾಳ ಎಂದಿತು.

ಆಗ ಸ್ಟ್ಯಾಂಡಿನಲ್ಲಿ ಗದ್ದಲ ಒಮ್ಮೆಲೇ ಕಡಿಮೆಯಾಯಿತು. ಶೇಂಗಾ ಮಾರುವವಳು, "ಯವ್ವಾ, ಹಸೀ ಬಾಣಂತಿ!" ಎಂದದ್ದು ಮೊದಲು ಕೇಳಿಸಿತು. ತಲೆಗೂ ಕಿವಿಗೂ ಬಿಳಿ ಬಟ್ಟೆ ಬಿಗಿದುಕೊಂಡು, ಬರಿಗಾಲಲ್ಲಿ, ನಟ್ಟನಡು ಬಿಸಿಲಲ್ಲಿ ಗುರವ್ವ ಬರುತ್ತಿದ್ದಳು. ಹೊಸ್ತಿಲು ಸಹ ದಾಟಬಾರದ ಹೆಂಗಸು ಬಸ್ಸುಗಳ ನಡುವೆ, ಹೆಜ್ಜೆಗೊಮ್ಮೆ ನಿಂತು ನಿಂತು, ಎದೆಗೆ ಅವಚಿದ ಗಂಟಿನೊಂದಿಗೆ ಒಂದೊಂದೇ ಕಿಟಕಿಯನ್ನು ನೋಡುತ್ತ ಬಂದಳು. ಅವಳ ಹಿಂದೆ ರಾಚಪ್ಪ, ಏನು ಮಾಡಬೇಕೆಂದು ತಿಳಿಯದೆ, ಕೊಡೆಯನ್ನು ಅವಳ ತಲೆಯ ಮೇಲೆ ಹಿಡಿದುಕೊಂಡು ಬರುತ್ತಿದ್ದ. ಬಸಂತರಾಯ ಸೀಟಿನಲ್ಲಿ ಕುಗ್ಗಿದ. ಹೌದು, ಅಡಗಿಕೊಳ್ಳಲು ನೋಡಿದ. ಆಮೇಲೆ ಎಷ್ಟೋ ದಿನ ಅವನ ನಿದ್ದೆ ಕೆಡಿಸಿದ್ದು ಆ ಕುಗ್ಗಿದ ಕ್ಷಣವೇ. ಗುರವ್ವ ಕಿಟಕಿಯ ಕೆಳಗೆ ಬಂದು ನಿಂತಳು. ಅವಳ ಸೀರೆಯ ಹಿಂಬದಿ ತೊಯ್ದು ಕೆಂಪಾಗಿತ್ತು, ಮಂದಿ ಬೇರೆ ಕಡೆ ಮುಖ ಮಾಡಿದರು. ಅವಳು ಗಂಟಿನ ಬಟ್ಟೆ ಸರಿಸಿ ಕೂಸಿನ ಮುಖವನ್ನು ಮೇಲೆ ಹಿಡಿದಳು. ಅರಿಶಿನ ಹಚ್ಚಿದಂಥ ಮುಖ. ಅಳುತ್ತಿರಲಿಲ್ಲ, ಅಳುವ ಶಕ್ತಿ ಇರಲಿಲ್ಲ.

"ಮಾಮಾ, ಇಳಿ," ಎಂದಳು.

ಅವನು ಏನೋ ಹೇಳಲು ಹೋದ. "ನಿಮ್ಮತ್ತಿ..." ಎಂದ.

"ಅತ್ತೀಗೆ ನಾ ಹೇಳೇನಿ. ಅವತ್ತು ಒಲ್ಲೆ ಅಂದಿ, ನಾ ತುಟಿಪಿಟಕ್ಕನಲಿಲ್ಲ. ನಮ್ಮವ್ವ ಸಾಯೂತನಕ ಬೈದ್ಲು, ನಾ ಅವಾಗೂ ನಿನ್ನ ಬೈಲಿಲ್ಲ. ಇವತ್ತು ನನ್ನ ಕೇಳಬ್ಯಾಡ, ಅವರ್ನೂ ಕೇಳಬ್ಯಾಡ. ಇಳಿ."

ಅವನು ಇಳಿದ. ಟಿಕೇಟು ಕೈಯಲ್ಲೇ ಇತ್ತು.

ಆಮೇಲಿನದು ಅವನಿಗೆ ತುಂಡುತುಂಡಾಗಿ ನೆನಪು. ಸಣ್ಣ ಕೋಣೆ, ಕಬ್ಬಿಣದ ಮಂಚ, ಮೊಣಕೈಯ ಮಡಿಕೆಗೆ ದಪ್ಪ ಸೂಜಿ. ಒಂದು ಹನಿಗೆ ಹೆದರದವನು ಧಾರೆ ಕಂಡು ಬೆವತ. ಕಣ್ಣು ಕತ್ತಲೆ ಬಂದು ತಲೆ ಜೋಲಿದಾಗ ನಜಮಾ ಕೆನ್ನೆ ತಟ್ಟಿ, "ಮಾಸ್ತರ, ಈ ಕಡೆ ನೋಡಬ್ಯಾಡ್ರಿ, ಗ್ವಾಡಿ ನೋಡ್ರಿ," ಎಂದಳು. ಹೆಂಗಸೊಬ್ಬಳು ನಿನ್ನೆಯಷ್ಟೇ ಹಡೆದು ಊರ ನಡುವೆ ನಡೆದು ಬಂದ ದಿನ ಇವನು ಒಂದು ಸೂಜಿಗೆ ಮೂರ್ಛೆ ಹೋದ. ಅದನ್ನು ಕಂಡು ಕಾಂಪೌಂಡರು ಮುಖ ತಿರುಗಿಸಿ ನಕ್ಕ. ಬಾಟಲಿ ತುಂಬಿತು. ಪಕ್ಕದ ಕೋಣೆಯಲ್ಲಿ ಡಾಕ್ಟರು ಕೂಸಿನ ಹೊಕ್ಕುಳಿಗೆ ತೆಳ್ಳಗಿನ ನಳಿಗೆ ಸೇರಿಸಿ, ಒಂದು ಪಿಚಕಾರಿ ತೆಗೆಯುವುದು, ಒಂದು ಪಿಚಕಾರಿ ಹಾಕುವುದು, ತೆಗೆಯುವುದು, ಹಾಕುವುದು ಮಾಡುತ್ತ ಕೂತರು. ಬಾಳಮ್ಮ ಹೊರಬಾಗಿಲ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತಿದ್ದಳು. ಗುರವ್ವ ಅತ್ತೆಗೆ ಏನು ಹೇಳಿ ಎದ್ದುಬಂದಿದ್ದಳೋ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಹೊತ್ತು ಇಳಿದ ಮೇಲೆ ಕೂಸು ಅತ್ತಿತು. ಸಣ್ಣ ದನಿ, ಆದರೆ ಸಿಟ್ಟಿನದು. ಡಾಕ್ಟರು ಹೊರಗೆ ಬಂದು, ಬದುಕತೈತಿ, ನಾಳೆ ಇನ್ನೊಮ್ಮೆ ನೋಡೂಣು ಎಂದು ಚಹಾ ತರಿಸಿದರು. ಬಾಳಮ್ಮ ಎದ್ದು ಒಳಗೆ ಹೋಗಿ, ಕೂಸಿನ ಮೇಲೆ ಬಾಗಿ, ಹಳದಿ ತಿಳಿಯಾದ ಮುಖವನ್ನು ಎಷ್ಟೋ ಹೊತ್ತು ನೋಡಿದಳು. ಬೆರಳಿನಿಂದ ಮೂಗು ಮುಟ್ಟಿದಳು. "ಮೂಗರ ನಮ್ಮ ರಾಚ್ಯಾಂದು," ಎಂದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ನಡೆದಳು. ರಾಚಪ್ಪ ಅವಳ ಹಿಂದೆ ಹೋದ. ಕೋಣೆಯಲ್ಲಿ ಗುರವ್ವ, ಕೂಸು, ಬಸಂತರಾಯ ಮೂವರೇ ಉಳಿದರು. ಅವನಿಗೆ ತಪ್ಪಾಯಿತು ಎನ್ನಬೇಕೆನಿಸಿತು. ಗುರವ್ವ ಅವನನ್ನು ನೋಡುತ್ತಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ನಜಮಾ ತೊಳೆಯಲೆಂದು ಇಟ್ಟ ಖಾಲಿ ಬಾಟಲಿಯನ್ನು ನೋಡುತ್ತಿದ್ದಳು. ತಳದಲ್ಲಿ ಒಂದು ಗೆರೆ ಕೆಂಪು ಉಳಿದಿತ್ತು.

"ಮಾಮಾ," ಎಂದಳು. "ಅವೆರಡಕ್ಕೂ ಇದು ಆಗ್ತಿತ್ತ?"

ಹೇಳಬಹುದಾದ ಉತ್ತರಗಳು ಅವನ ಬಳಿ ಬೇಕಾದಷ್ಟಿದ್ದವು. ಆಗ ಈ ಡಾಕ್ಟರು ಇರಲಿಲ್ಲ ಎನ್ನಬಹುದು, ಖಚಿತವಾಗಿ ಹೇಳಲಾಗದು ಎನ್ನಬಹುದು, ಬಸ್ಸಿನಲ್ಲಿ ಕಟ್ಟಿದ ವಾದವಂತೂ ಇನ್ನೂ ಬಿಸಿಯಾಗಿಯೇ ಇತ್ತು. ಕಿಸೆಯಲ್ಲಿ ಕಾರ್ಡು ಇಟ್ಟುಕೊಂಡು ಪೂರ್ಣವಿರಾಮ ಹೇಳಿದ ದಿನ ನೆನಪಾಯಿತು. "ಹೂಂ," ಎಂದ. "ಆಗ್ತಿತ್ತು."

"ಇಷ್ಟ ರಕ್ತ ಸಾಕಾಗಿತ್ತ? ಇದೊಂದು ಬಾಟ್ಲಿ?"

"ಇಷ್ಟ."

ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಬಾಟಲಿಯ ಮೇಲಿಂದ ಕಣ್ಣು ತೆಗೆದು ಕೂಸಿನ ಮೈಮೇಲೆ ಬಟ್ಟೆ ಎಳೆದಳು. "ಸಂಜೀ ಬಸ್ಸು ತಪ್ಪೀತು, ಹೋಗ್ರಿ," ಎಂದಳು. "ಇಂದೂ ಅತ್ತಿ ಹಾದಿ ನೋಡ್ತಿರ್ತಾರ." ಕೂಸನ್ನು ಒಳಕ್ಕೆ ಸರಿಸಿಕೊಂಡು ಗೋಡೆಯ ಕಡೆಗೆ ಹೊರಳಿದಳು. ಬಸಂತರಾಯ ಎದ್ದ, ಮತ್ತೆ ಕೂತ. ಎರಡನೆಯ ಸಲ ಎದ್ದಾಗ ಗೋಡೆ ಹಿಡಿದುಕೊಂಡ. ಅವಳು ತಿರುಗಿ ನೋಡಲಿಲ್ಲ.